ಬಾಲಣ್ಣನಿಗೂ ಕಿವಿ ಕೇಳುತ್ತಿರಲಿಲ್ಲ

ಮೊದಲೇ ಹೇಳಿಬಿಡ್ತೇವೆ. ಈ ಬರಹದಲ್ಲಿ 'ನಾವು' ಅಂದ್ರೆ ದೊಡ್ಡ ಮನುಷ್ಯರು ತಮ್ಮನ್ನು ತಾವು ಕರ್ಕೊಳ್ಳುವ 'ನಾವು' ಅಲ್ಲ. ನಾನು, ನನ್ನ ತಮ್ಮ, ಚಿಕ್ಕಮ್ಮನ ಮಗಳು, ಒಟ್ಟು ಮೂರು ಜನ. ತಪ್ಪು ಮೂವರೂ ಸೇರಿ ಮಾಡಿದ್ದು, ಹಾಗಾಗಿ ಬರೆಯೋದೂ ಮೂವರ ಲೆಕ್ಕದಲ್ಲೇ.

ನಮ್ಮ ಅಜ್ಜನ ಮನೆ ಕುಂದಾಪುರದ ಹತ್ತಿರ ಕೋಡಿಯಲ್ಲಿ. ರಾತ್ರಿ ಮಲಗಿದರೆ ಸಮುದ್ರದ ಸದ್ದು ಬಿಟ್ಟು ಬೇರೇನೂ ಇಲ್ಲ. ಅಜ್ಜ ಸುಮಾರು ನಲವತ್ತು ವರ್ಷ ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡಿದವರು. ಈಗ ವಯಸ್ಸು ಎಂಬತ್ತರ ಹತ್ತಿರ, ಕಿವಿ ಮಂದ. ಪೂರ್ತಿ ಕೇಳೋದೇ ಇಲ್ಲ ಅಂತಲ್ಲ. ನಾವು ಹೇಳೋದು ಒಂದು, ಅವರಿಗೆ ಕೇಳೋದು ಇನ್ನೊಂದು.

"ಫೀಸ್ ಕಟ್ಟಿ ಬಂದೆ ಅಜ್ಜ."

"ಮೀಸಿ ಕಟ್ ಮಾಡಿ ಬಂದ್ಯಾ? ಇದ್ದದ್ದೇ ನಾಲ್ಕ್ ಕೂದ್ಲ್ ಮಾರಾಯಾ!"

"ಇವತ್ತು ಲ್ಯಾಬ್ ಇತ್ತು ಅಜ್ಜ."

"ಲಾಭ ಇತ್ತಾ? ಎಷ್ಟ್?"

ನಾವು ಬಿದ್ದು ಬಿದ್ದು ನಗ್ತಿದ್ದೆವು. ಕಳೆದ ರಜೆಯಲ್ಲಿ ಇದನ್ನೆಲ್ಲ ಅವರಿಗೆ ಗೊತ್ತಾಗದ ಹಾಗೆ ಮೊಬೈಲಿನಲ್ಲಿ ಹಿಡಿದು, ಮಧ್ಯೆ ಮಧ್ಯೆ ನಗುವ ಸದ್ದು ಸೇರಿಸಿ, ಒಂದೂವರೆ ನಿಮಿಷದ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆವು. ಮುಂಬೈ ಮಾವನಿಂದ ಹಿಡಿದು ದುಬೈ ಅತ್ತೆ ತನಕ ಎಲ್ಲರೂ ನಗುವ ಎಮೋಜಿ ಕಳಿಸಿದರು. ನಮಗೋ ದೊಡ್ಡ ಡೈರೆಕ್ಟರ್ ಆದ ಖುಷಿ.

ಎರಡು ದಿನ ಬಿಟ್ಟು ಮನೆಗೆ ಬಂದ ನೆಂಟರೊಬ್ಬರು ಅದನ್ನ ಅಜ್ಜನಿಗೇ ತೋರಿಸಿದರು. ಅಜ್ಜ ಪೂರ್ತಿ ನೋಡಿ, ಮೊಬೈಲ್ ವಾಪಸ್ ಕೊಟ್ಟು, ಒಳಗೆ ಹೋದರು. ಬೈಯಲಿಲ್ಲ. ಅವತ್ತಿನಿಂದ ಮಾತು ನಿಲ್ಲಿಸಿದರು. ಊಟಕ್ಕೆ ಕರೆದರೆ ಬಂದು ಊಟ ಮಾಡಿ ಎದ್ದು ಹೋಗೋದು. ಏನು ಕೇಳಿದರೂ ತಲೆ ಆಡಿಸೋದು. ತಪ್ಪು ಕೇಳಿಸ್ಕೊಂಡೆ ಅಂತ ಯಾರೂ ನಗಬಾರದು ಅಂದ್ರೆ, ಮಾತೇ ಆಡದೆ ಇರೋದು ಸುಲಭ ಅಲ್ವಾ? ಅದು ನಮಗೆ ಆಗ ಹೊಳೀಲಿಲ್ಲ. ಸಿಟ್ಟು ಬಂದಿದೆ, ಇಳಿಯುತ್ತೆ ಅಂದುಕೊಂಡೆವು.

ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಅಜ್ಜ ಕತ್ತಲಲ್ಲಿ ಟಿವಿ ಎದುರು ಕೂತಿದ್ದರು. ಅಜ್ಜಿಗೆ ಎಚ್ಚರ ಆಗಬಾರದು ಅಂತ ಸೌಂಡ್ ಪೂರ್ತಿ ಸೊನ್ನೆ. ಓಡ್ತಾ ಇದ್ದದ್ದು 'ಕಸ್ತೂರಿ ನಿವಾಸ'. ಪರದೆ ಮೇಲೆ ಬಾಲಕೃಷ್ಣ ಬಂದರೆ ಸಾಕು, ಅಜ್ಜನ ಮುಖ ಅರಳ್ತಿತ್ತು. ನಾವು ಮೂವರೂ ಒಬ್ಬೊಬ್ಬರಾಗಿ ಬಂದು ಅಲ್ಲೇ ನೆಲದ ಮೇಲೆ ಕೂತೆವು. ಸುಮಾರು ಹೊತ್ತಾದ ಮೇಲೆ ಅಜ್ಜ ನಮ್ಮ ಕಡೆ ತಿರುಗದೆಯೇ ಹೇಳಿದರು:

"ಬಾಲಣ್ಣಂಗೂ ಕೆಮಿ ಕೇಂತಿರ್ಲಿಲ್ಲ."

ನಾವು ನಂಬಲಿಲ್ಲ. ಐನೂರಕ್ಕೂ ಹೆಚ್ಚು ಸಿನಿಮಾ ಮಾಡಿದ ನಟನಿಗೆ ಕಿವಿ ಕೇಳಲ್ವಾ? ಮರುದಿನ ಹುಡುಕಿದೆವು, ಸಿಕ್ಕವರನ್ನೆಲ್ಲ ಕೇಳಿದೆವು. ನಿಜ. ಅರಸೀಕೆರೆಯ ಟಿ.ಎನ್. ಬಾಲಕೃಷ್ಣ ನಾಟಕದಿಂದ ಬಂದವರು. 1943ರ 'ರಾಧಾರಮಣ' ಅವರ ಮೊದಲ ಚಿತ್ರ. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿಗಿರುವವರ ತುಟಿ ನೋಡಿಕೊಂಡು, ಅವರ ಮಾತು ಎಲ್ಲಿಗೆ ಮುಗಿಯುತ್ತೆ ಅಂತ ಹಿಡಿದು, ತಮ್ಮ ಡೈಲಾಗ್ ಹೇಳುತ್ತಿದ್ದರು. ಹಾಸ್ಯದಲ್ಲಿ ಟೈಮಿಂಗ್ ಅರ್ಧ ಸೆಕೆಂಡ್ ತಪ್ಪಿದರೆ ಜೋಕ್ ಸತ್ತುಹೋಗುತ್ತೆ. ಅಂಥ ಕೆಲಸವನ್ನ ಈ ಮನುಷ್ಯ ಕಣ್ಣಿನಿಂದ ಮಾಡಿದರು, ಐವತ್ತು ವರ್ಷ.

ಅದೂ ಬರೀ ಹಾಸ್ಯ ಅಲ್ಲ. 1961ರ 'ಕಣ್ತೆರೆದು ನೋಡು' ಚಿತ್ರದಲ್ಲಿ ರಾಜ್‌ಕುಮಾರ್ ಕುರುಡ ಗಾಯಕ, ಬಾಲಕೃಷ್ಣ ದುಷ್ಟ. ಒಬ್ಬರು ಕಣ್ಣು ಕಾಣದವರಂತೆ ನಟಿಸ್ತಾ ಇದ್ದಾರೆ, ಎದುರಿಗಿದ್ದವರು ಕಿವಿ ಕೇಳುವವರಂತೆ! 'ಬಂಗಾರದ ಮನುಷ್ಯ'ದಲ್ಲಿ ಊರಿನ ಹಿತೈಷಿ ರಾಚೂಟಪ್ಪ. 'ಕಸ್ತೂರಿ ನಿವಾಸ'ದಲ್ಲಿ ಯಜಮಾನನ ಕೈ ಬಿಡದ ರಾಮಯ್ಯ. ನಗಿಸಿದವನೇ ಇಲ್ಲಿ ಅಳಿಸುತ್ತಾನೆ. ಕನ್ನಡ ಚಿತ್ರರಂಗ ಕಷ್ಟದಲ್ಲಿದ್ದಾಗ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರಿ ಕಲಾವಿದರ ಸಂಘ ಕಟ್ಟಿ, 1960ರಲ್ಲಿ 'ರಣಧೀರ ಕಂಠೀರವ' ತೆಗೆದವರಲ್ಲಿ ಇವರೂ ಒಬ್ಬರು. ಬೆಂಗಳೂರಿನ ಅಭಿಮಾನ್ ಸ್ಟುಡಿಯೋ ಕಟ್ಟಿದ್ದೂ ಇವರೇ. ಆ ಹೆಸರು ಕೇಳಿದರೆ ನಮ್ಮ ವಯಸ್ಸಿನವರಿಗೆ ನೆನಪಾಗೋದು ಅಲ್ಲಿ ನಡೆದ ವಿಷ್ಣುವರ್ಧನ್ ಅಂತ್ಯಸಂಸ್ಕಾರ ಮಾತ್ರ. ಬಾಲಕೃಷ್ಣ 1995ರಲ್ಲಿ ತೀರಿಕೊಂಡರು. ನಾವು ಹುಟ್ಟೋಕೆ ಎಷ್ಟೋ ಮುಂಚೆ.

ಹಾಸ್ಟೆಲಿನಲ್ಲಿ ಒಮ್ಮೆ 'ಕಾಸಾಬ್ಲಾಂಕಾ' ನೋಡಿದ್ದು ನೆನಪಾಯ್ತು. 1942ರ ಸಿನಿಮಾ. ಅದರಲ್ಲಿ ಕಾರ್ಲ್ ಅಂತ ಒಬ್ಬ ದಪ್ಪ ಕೆನ್ನೆಯ ವೇಟರ್ ಬರ್ತಾನೆ. ನಟ ಎಸ್.ಝಡ್. ಸಕಾಲ್, 1883ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಕಾಲದಲ್ಲಿ ಯುರೋಪ್ ಬಿಟ್ಟು, ಅರವತ್ತರ ಹತ್ತಿರದ ವಯಸ್ಸಲ್ಲಿ ಹಾಲಿವುಡ್‌ನಲ್ಲಿ ಮತ್ತೆ ಶುರು ಮಾಡಿದವರು. ಅವರ ಒಡಕು ಇಂಗ್ಲಿಷ್ ಕೇಳಿಯೇ ಜನ ನಗ್ತಿದ್ದರು. ಅವರ ಮೂವರು ಸಹೋದರಿಯರು ನಾಜಿ ಕ್ಯಾಂಪುಗಳಲ್ಲಿ ಸತ್ತರು. ನಾವೂ ಹಾಸ್ಟೆಲಿನಲ್ಲಿ ಆ ಇಂಗ್ಲಿಷಿಗೆ ನಕ್ಕವರೇ. ಸಕಾಲ್‌ಗೆ ನಾಲಿಗೆಯ ಕಷ್ಟ, ಬಾಲಣ್ಣನಿಗೆ ಕಿವಿಯದ್ದು. ಆದರೆ ಇಬ್ಬರೂ ಕ್ಯಾಮೆರಾ ಇದೆ ಅಂತ ಗೊತ್ತಿದ್ದು, ನಗಿಸಬೇಕು ಅಂತಲೇ ನಿಂತವರು. ನಮ್ಮ ಅಜ್ಜನ ಎದುರು ಕ್ಯಾಮೆರಾ ಇತ್ತು, ಅವರಿಗೆ ಗೊತ್ತಿರಲಿಲ್ಲ. ವ್ಯತ್ಯಾಸ ಇಷ್ಟೇ. ಅದು ಸಣ್ಣದಲ್ಲ.

ಆಮೇಲೆ ಅಜ್ಜನನ್ನ ಕಿವಿ ಪರೀಕ್ಷೆಗೆ ಕರ್ಕೊಂಡು ಹೋದೆವು. ಆಡಿಯೋಗ್ರಾಮ್ ನೋಡಿದ ಕೂಡಲೇ ನಮಗೆ ನಮ್ಮದೇ ಸಿಲಬಸ್ ಕಂಡಿತು. ಥೇಟ್ ಲೋ ಪಾಸ್ ಫಿಲ್ಟರ್! ಕಡಿಮೆ ಫ್ರೀಕ್ವೆನ್ಸಿಯಲ್ಲಿ ಪರವಾಗಿಲ್ಲ, 4000 ಹರ್ಟ್ಸ್ ಹತ್ತಿರ ಗ್ರಾಫ್ ಪಾತಾಳಕ್ಕೆ. ಜೋರು ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಕಿವಿ ಹೆಚ್ಚಾಗಿ ಅಲ್ಲಿಂದಲೇ ಹಾಳಾಗೋದು. ದಿನಕ್ಕೆ ಎಂಟು ಗಂಟೆ ಕೆಲಸಕ್ಕೆ 85 ಡೆಸಿಬಲ್ ದಾಟಬಾರದು ಅಂತ ಹೇಳ್ತಾರೆ. 3 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ದುಪ್ಪಟ್ಟು. ಡೀಸೆಲ್ ಇಂಜಿನ್ ಪಕ್ಕ ಬಗ್ಗಿ ಕೂತ ಅಜ್ಜನಿಗೆ ಇದನ್ನ ಯಾರು ಹೇಳಿದ್ದರು?

ಸ್ವರಗಳ ಶಕ್ತಿ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಇರುತ್ತೆ. ಸ, ಶ, ಫ ಇಂಥವು ಮೇಲೆ. ಅಂದ್ರೆ 'ಫೀಸ್' ಅಂದಾಗ ಅಜ್ಜನಿಗೆ ತಲುಪಿದ್ದು ಮಧ್ಯದ 'ಈ' ಮಾತ್ರ. ಮುಂದೆ 'ಕಟ್' ಅಂತ ಏನೋ ಕೇಳಿದೆ, ಎದುರಿಗೆ ಹತ್ತೊಂಬತ್ತರ ಹುಡುಗ ನಿಂತಿದ್ದಾನೆ. ಉಳಿದದ್ದನ್ನ ಅವರ ತಲೆ ತುಂಬಿಸಿಕೊಂಡು 'ಮೀಸಿ ಕಟ್' ಮಾಡಿತು. ಇದನ್ನೇ ನಾವು ಎರರ್ ಕರೆಕ್ಷನ್ ಅಂತ ಓದಿ ಪರೀಕ್ಷೆ ಬರೀತೇವೆ. ಎಂಬತ್ತರ ಅಜ್ಜ ದಿನವಿಡೀ, ಪ್ರತಿ ವಾಕ್ಯಕ್ಕೂ ಅದನ್ನ ಮಾಡ್ತಾ ಇದ್ದರು. ನಾವು ಅದಕ್ಕೆ ನಗುವ ಸದ್ದು ಸೇರಿಸಿದ್ದೆವು.

ಕ್ಷಮೆ ಕೇಳಬೇಕಿತ್ತು. ಬಾಯಲ್ಲಿ ಹೇಳೋಕೆ ನಾಚಿಕೆ. ತಂಗಿ ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಹಿಡಿದಳು. ಅಜ್ಜ ಕನ್ನಡಕ ಹಾಕಿ ನಿಧಾನ ಓದಿದರು.

"ಬರ್ದ್ ಕೊಡುಕೆ ಇದೆಂತ ಆಫೀಸಾ? ಬಾಯ್ ಬಿಟ್ ಹೇಳಿ ಮಕ್ಳೆ."

ಅವರ ಎದುರು ಕೂತು, ಮುಖ ನೋಡಿ, ಒಬ್ಬೊಬ್ಬರಾಗಿ ಹೇಳಿದೆವು. ಅಜ್ಜ ನಮ್ಮ ತುಟಿಯನ್ನೇ ನೋಡ್ತಿದ್ದರು. ಅಷ್ಟು ದಿನ ನಾವು ಮೊಬೈಲ್ ನೋಡ್ತಾ, ಬೆನ್ನು ಹಾಕಿ, ಅಡುಗೆಮನೆಯಿಂದ ಕೂಗ್ತಾ ಮಾತಾಡ್ತಿದ್ದೆವು ಅಂತ ಆಗ ಗೊತ್ತಾಯ್ತು. ಬಾಲಣ್ಣನಿಗೆ ರಾಜ್‌ಕುಮಾರ್ ಎದುರಿಗೆ ನಿಂತಿದ್ದರು. ಅಜ್ಜನಿಗೆ ನಾವು ನಿಂತಿರಲಿಲ್ಲ.

ವಿಡಿಯೋ ಅಳಿಸಿದ್ದೇವೆ, ಆದರೆ ಎಷ್ಟು ಮೊಬೈಲಿನಲ್ಲಿ ಉಳಿದಿದೆಯೋ, ಅದು ನಮ್ಮ ಕೈಯಲ್ಲಿಲ್ಲ. ಅಜ್ಜ ಮೊದಲಿನಷ್ಟು ಮಾತಾಡಲ್ಲ. ಹಿಯರಿಂಗ್ ಏಡ್ ಬಂದಿದೆ, ಸಮುದ್ರದ ಸದ್ದೂ ಜೋರಾಗುತ್ತೆ ಅಂತ ಅರ್ಧ ದಿನ ತೆಗೆದಿಡ್ತಾರೆ. ಸಂಜೆ ಕೋಡಿಯ ಸೀವಾಕ್‌ನಲ್ಲಿ ನಡೆಯುವಾಗ ನಾವು ಒಬ್ಬರು ಅವರಿಗಿಂತ ಎರಡು ಹೆಜ್ಜೆ ಮುಂದೆ, ಹಿಂದು ಹಿಂದಕ್ಕೆ ನಡೀತಾ ಮಾತಾಡ್ತೇವೆ. ನೋಡಿದವರು ನಗ್ತಾರೆ. ನಗಲಿ.

ನಿಮ್ಮ ಮನೆಯಲ್ಲೂ ಇಂಥ ಅಜ್ಜ ಅಜ್ಜಿ ಇದ್ದರೆ ಕೂಗಬೇಡಿ. ಕೂಗಿದರೆ ಸ್ವರ ಜೋರಾಗುತ್ತೆ, ಆ 'ಸ' 'ಫ' ಹಾಗೇ ಕಳೆದುಹೋಗುತ್ತವೆ. ಬೆಳಕಿರುವ ಕಡೆ, ಎದುರಿಗೆ ಕೂತು, ನಿಧಾನ ಹೇಳಿ.

ಮೊನ್ನೆ ಊರಿಗೆ ಹೋದಾಗ ಬಾಗಿಲಲ್ಲೇ ಹೇಳಿದೆವು, "ಲ್ಯಾಬ್ ಎಕ್ಸಾಮ್ ಮುಗೀತು ಅಜ್ಜ."

"ಲಾಭ ಎಷ್ಟ್ ಬಂತ್?" ಅಂದರು.

ಕಿವಿಯಲ್ಲಿ ಮಿಷನ್ ಇತ್ತು. ನಿಜವಾಗಿಯೂ ತಪ್ಪು ಕೇಳಿದ್ದೋ, ನಮ್ಮನ್ನ ಆಟ ಆಡಿಸಿದ್ದೋ, ಮುಖ ನೋಡಿದರೆ ಗೊತ್ತಾಗಲಿಲ್ಲ.