ಯಾರದೋ ಮರಿ ಎನಿಸಿಕೊಂಡ ಪ್ರಾಣಿ

ಪ್ರಾಣಿ ಎಂದರೇನು ಎಂದು ಮಕ್ಕಳನ್ನು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ: ಅದಕ್ಕೆ ಬಾಯಿ ಇರುತ್ತದೆ, ಹೊಟ್ಟೆ ಇರುತ್ತದೆ, ಅದು ಓಡಾಡುತ್ತದೆ. ಈ ಮೂರರಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದೆರಡೂ ಇಲ್ಲದ ಪ್ರಾಣಿಯೊಂದು ಬೆಚ್ಚಗಿನ ಕಡಲುಗಳ ದಂಡೆಯಂಚಿನಲ್ಲಿ ಬದುಕುತ್ತಿದೆ. ಹೆಸರು ಟ್ರೈಕೋಪ್ಲಾಕ್ಸ್.

ಇದು ಮೊದಲು ಕಣ್ಣಿಗೆ ಬಿದ್ದದ್ದು ಸಮುದ್ರವೇ ಇಲ್ಲದ ಊರಿನಲ್ಲಿ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಪ್ರಾಣಿಶಾಸ್ತ್ರಜ್ಞ ಫ್ರಾನ್ಜ್ ಐಲ್ಹಾರ್ಡ್ ಶುಲ್ಜೆ ಉಪ್ಪುನೀರಿನ ಅಕ್ವೇರಿಯಂ ಒಂದರ ಗಾಜಿನ ಮೇಲೆ ತೆವಳುತ್ತಿದ್ದ ಈ ಜೀವಿಯನ್ನು ಕಂಡು, 1883ರಲ್ಲಿ ಅದರ ವಿವರ ಪ್ರಕಟಿಸಿದರು. ಅಗಲ ಒಂದೆರಡು ಮಿಲಿಮೀಟರ್. ದಪ್ಪ ಮಿಲಿಮೀಟರಿನ ಸುಮಾರು ನಲವತ್ತನೇ ಒಂದು ಭಾಗ. ಕಾವಲಿಯ ಮೇಲೆ ಹರಡಿದ ನೀರುದೋಸೆಯ ಹಾಗೆ ಅಂಚು ಅಂಕುಡೊಂಕು, ಅದೂ ಗಳಿಗೆಗೊಂದು ಆಕಾರ. ತಲೆ ಬಾಲಗಳಿಲ್ಲ, ಎಡಬಲಗಳಿಲ್ಲ. ಕರುಳು, ಸ್ನಾಯು, ನರ ಒಂದೂ ಇಲ್ಲ. ಇರುವುದು ಒಂದು ಮೇಲ್ಪದರ, ಒಂದು ಕೆಳಪದರ, ನಡುವೆ ನಾರಿನಂತೆ ಚಾಚಿಕೊಂಡ ಕೋಶಗಳು. ಕೆಳಗಿನ ಸೂಕ್ಷ್ಮ ರೋಮಗಳು ಬಡಿದಂತೆ ಇಡೀ ದೇಹ ಮುಂದೆ ಜಾರುತ್ತದೆ. ರೋಮವಿರುವ ತಟ್ಟೆ ಎಂಬುದೇ ಶುಲ್ಜೆ ಇಟ್ಟ ಗ್ರೀಕ್ ಹೆಸರಿನ ಅರ್ಥ.

1907ರಲ್ಲಿ ತಿಲೋ ಕ್ರುಂಬಾಖ್ ಎಂಬ ಜರ್ಮನ್ ವಿಜ್ಞಾನಿ ಇದು ಬೇರೆ ಪ್ರಾಣಿಯೇ ಅಲ್ಲ, ಜೆಲ್ಲಿ ಮೀನಿನ ಬಳಗದ ಪುಟ್ಟ ಜೀವಿಯೊಂದರ ಡಿಂಭ ಎಂದು ವಾದಿಸಿದರು. ಶುಲ್ಜೆ ಒಪ್ಪಲಿಲ್ಲ, ಅಚ್ಚಿನಲ್ಲೇ ಉತ್ತರ ಕೊಟ್ಟರು. ಆದರೆ ಪಠ್ಯಪುಸ್ತಕಗಳಿಗೆ ಕ್ರುಂಬಾಖ್ ಅವರ ಮಾತೇ ಹಿಡಿಸಿತು. ಹಿಡಿಸುವುದಕ್ಕೆ ಕಾರಣವೂ ಇತ್ತು. ಬಾಯಿಲ್ಲ, ಹೊಟ್ಟೆಯಿಲ್ಲ ಎಂದರೆ ಇನ್ನೂ ಬೆಳೆದಿಲ್ಲ ಎಂದುಕೊಳ್ಳುವುದು ಸುಲಭ. ಯಾರದೋ ಮರಿ ಎಂದ ಮೇಲೆ ಅದರ ಗೊಡವೆ ಯಾರಿಗೆ? ಸುಮಾರು ಅರ್ಧ ಶತಮಾನ ಅದರತ್ತ ಯಾರೂ ಹೆಚ್ಚು ತಲೆ ಹಾಕಲಿಲ್ಲ.

ಈ ಮೌನ ಮುರಿದದ್ದು 1960ರ ದಶಕದಲ್ಲಿ. ಜರ್ಮನಿಯ ಕಾರ್ಲ್ ಗ್ರೆಲ್ ಕೆಂಪು ಸಮುದ್ರದಿಂದ ಬಂದ ಟ್ರೈಕೋಪ್ಲಾಕ್ಸ್‌ಗಳನ್ನು ಸಾಕಿ, ಅವುಗಳೊಳಗೆ ಮೊಟ್ಟೆಗಳನ್ನೂ ಭ್ರೂಣಗಳನ್ನೂ ಕಂಡರು. ಮೊಟ್ಟೆ ಕಟ್ಟುವ ಜೀವಿ ಮರಿಯಾಗಿರಲು ಸಾಧ್ಯವಿಲ್ಲ. 1971ರಲ್ಲಿ ಗ್ರೆಲ್ ಇದಕ್ಕೆಂದೇ ಪ್ಲಾಕೋಜೋವಾ ಎಂಬ ಪ್ರತ್ಯೇಕ ಫೈಲಮ್ ಕಟ್ಟಿದರು. ಪ್ರಾಣಿಗಳ ವರ್ಗೀಕರಣದಲ್ಲಿ ಫೈಲಮ್ ಎಂದರೆ ಅತಿ ದೊಡ್ಡ ಮನೆತನಗಳಲ್ಲೊಂದು. ಬೆನ್ನೆಲುಬಿರುವ ಮೀನು, ಹಕ್ಕಿ, ಮನುಷ್ಯರೆಲ್ಲ ಸೇರುವುದು ಅಂಥ ಒಂದೇ ಫೈಲಮ್ಮಿಗೆ. ಈ ಚುಕ್ಕೆಗೂ ಅಷ್ಟೇ ಎತ್ತರದ ಸ್ಥಾನ ಸಿಕ್ಕಿತು.

ಇಲ್ಲಗಳ ಪಟ್ಟಿ ಬದಿಗಿಟ್ಟು ಅದರ ಬದುಕನ್ನು ನೋಡಿದರೆ ಬೇರೆಯೇ ಚಿತ್ರ. ಪಾಚಿಯ ಮೇಲೆ ಹೋದೊಡನೆ ಟ್ರೈಕೋಪ್ಲಾಕ್ಸ್ ನಿಲ್ಲುತ್ತದೆ. ಪಾಚಿಗೆ ತಾಗಿರುವ ಕೋಶಗಳು ಮಾತ್ರ ಜೀರ್ಣರಸ ಸುರಿಸುತ್ತವೆ. ಪಾಚಿ ಒಡೆದು ಕರಗಿದ್ದನ್ನು ಕೆಳಪದರ ಹೀರಿಕೊಳ್ಳುತ್ತದೆ. ಹೊಟ್ಟೆ ಇಲ್ಲದಿದ್ದರೇನು, ದೇಹಕ್ಕೂ ನೆಲಕ್ಕೂ ನಡುವಿನ ಜಾಗವನ್ನೇ ಅದು ಊಟದ ಹೊತ್ತಿಗೆ ಹೊಟ್ಟೆ ಮಾಡಿಕೊಳ್ಳುತ್ತದೆ. ಉಂಡು ಮುಗಿದ ಮೇಲೆ ಮತ್ತೆ ಪಯಣ. ಬೆಳೆದ ಮೇಲೆ ನಡುವೆ ಸೀಳಿ ಎರಡಾಗುತ್ತದೆ.

ನರಗಳಿಲ್ಲದೆ ಸಾವಿರಾರು ಕೋಶಗಳು ಒಟ್ಟಿಗೆ ನಿಲ್ಲುವುದು ಹೇಗೆ? ಕೆಲವು ಕೋಶಗಳು ಪೆಪ್ಟೈಡ್ ಎಂಬ ಚಿಕ್ಕ ಪ್ರೋಟೀನ್ ತುಣುಕುಗಳನ್ನು ಹೊರಬಿಡುತ್ತವೆ, ಅದು ತಾಗಿದಾಗ ರೋಮಗಳ ಬಡಿತ ನಿಲ್ಲುತ್ತದೆ. ಇದು 2017ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಕಂಡಿತು. ತಂತಿ ಎಳೆಯದ ಊರಿನಲ್ಲಿ ಡಂಗುರ ಸಾರಿ ಸುದ್ದಿ ಮುಟ್ಟಿಸಿದಂತೆ.

2008ರಲ್ಲಿ ಇದರ ಜೀನೋಮ್ ಓದಿದಾಗ ಇನ್ನೊಂದು ಅಚ್ಚರಿ ಹೊರಬಿತ್ತು. 9.8 ಕೋಟಿ ಅಕ್ಷರಗಳು, ಸುಮಾರು 11,500 ಜೀನ್‌ಗಳು. ಮನುಷ್ಯನಲ್ಲಿರುವುದು ಸುಮಾರು 20,000. ಅಕ್ಷರಗಳ ಲೆಕ್ಕದಲ್ಲಿ ಇದು ತೀರ ಪುಟ್ಟ ಜೀನೋಮ್, ಆದರೆ ಜೀನ್‌ಗಳ ಜೋಡಣೆಯಲ್ಲಿ ಮನುಷ್ಯನ ಜೀನೋಮಿನ ಜೊತೆ ಗುರುತಿಸಬಹುದಾದ ಹೋಲಿಕೆಗಳಿದ್ದವು. ನರಕೋಶಗಳ ನಡುವಿನ ಸಂಧಿಯನ್ನು ಕಟ್ಟಲು ಬೇಕಾಗುವ ಹಲವು ಪ್ರೋಟೀನ್‌ಗಳ ಜೀನ್‌ಗಳು ಈ ನರವಿಲ್ಲದ ಪ್ರಾಣಿಯಲ್ಲೂ ಇದ್ದವು. ಅದರ ಪೆಪ್ಟೈಡ್ ಕೋಶಗಳಲ್ಲಿ ನರಕೋಶವನ್ನು ಹೋಲುವ ಜೀನ್ ವ್ಯವಸ್ಥೆಯೊಂದು ಕೆಲಸ ಮಾಡುತ್ತದೆ ಎಂದು ಬಾರ್ಸಿಲೋನಾದ ಸಂಶೋಧಕರು 2023ರಲ್ಲಿ ತೋರಿಸಿದರು.

ಹಾಗಾದರೆ ಇದೇ ಎಲ್ಲ ಪ್ರಾಣಿಗಳ ಅಜ್ಜಿಯೇ? ಅಲ್ಲ. ಇಲ್ಲೇ ಏಣಿಯ ಕಲ್ಪನೆ ಕೈಕೊಡುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಸರಳ ಜೀವಿ, ಮೇಲೆ ಮನುಷ್ಯ ಎಂಬ ಚಿತ್ರ ಶಾಲೆಯ ಗೋಡೆಗಳಿಂದ ಇನ್ನೂ ಇಳಿದಿಲ್ಲ. 2023ರಲ್ಲೇ ವರ್ಣತಂತುಗಳ ಮೇಲಿನ ಜೀನ್‌ಗಳ ಜೋಡಣೆಯನ್ನು ಹೋಲಿಸಿ ನೋಡಿದ ಅಧ್ಯಯನವೊಂದು, ಪ್ರಾಣಿಕುಲದಿಂದ ಮೊದಲು ಕವಲೊಡೆದದ್ದು ಸ್ಪಂಜುಗಳಲ್ಲ, ಬಾಚಣಿಗೆ ಜೆಲ್ಲಿಗಳು ಎಂದಿತು. ಬಾಚಣಿಗೆ ಜೆಲ್ಲಿಗೆ ನರಗಳಿವೆ, ಸ್ಪಂಜಿಗೂ ಟ್ರೈಕೋಪ್ಲಾಕ್ಸ್‌ಗೂ ಇಲ್ಲ. ಈ ಮಾತು ನಿಂತರೆ, ನರಗಳು ಎರಡು ಸಲ ಹುಟ್ಟಿರಬೇಕು, ಇಲ್ಲವೇ ಒಮ್ಮೆ ಹುಟ್ಟಿ ಕೆಲವರಲ್ಲಿ ಅಳಿದಿರಬೇಕು. ಎರಡರಲ್ಲಿ ಯಾವುದು ನಿಜವಾದರೂ, ಸರಳವೆಂದರೆ ಹಳೆಯದು ಎಂಬ ಲೆಕ್ಕ ತಪ್ಪುತ್ತದೆ. ಟ್ರೈಕೋಪ್ಲಾಕ್ಸ್ ಕೂಡ ಮನುಷ್ಯನಷ್ಟೇ ಕಾಲ ವಿಕಾಸದ ದಾರಿ ನಡೆದು ಬಂದ ಇಂದಿನ ಜೀವಿ. ಅಜ್ಜಿಯಲ್ಲ, ದೂರದ ಸೋದರಸಂಬಂಧಿ.

2018ರಲ್ಲಿ ಹಾಂಗ್‌ಕಾಂಗ್‌ನಿಂದ ತಂದ ಪ್ಲಾಕೋಜೋವಾ ಒಂದರ ಜೀನೋಮ್ ಪ್ರಕಟವಾಯಿತು. ನೋಡಲು ಥೇಟ್ ಟ್ರೈಕೋಪ್ಲಾಕ್ಸ್. ಜೀನ್‌ಗಳಲ್ಲಿ ಮಾತ್ರ ಎಷ್ಟು ದೂರವೆಂದರೆ ಅದನ್ನು ಬೇರೆ ಕುಲಕ್ಕೇ ಸೇರಿಸಬೇಕಾಯಿತು. ಆಕಾರ ಬದಲಿಸುವ ಚೀನಾದ ಸಮುದ್ರ ಡ್ರ್ಯಾಗನ್ ರಾಜನ ನೆನಪಿನಲ್ಲಿ ಅದಕ್ಕೆ ಹೊಯಿಲುಂಗಿಯಾ ಎಂದು ಹೆಸರಿಟ್ಟರು. ಒಂದು ಕಾಲಕ್ಕೆ ಯಾರದೋ ಮರಿಯಾಗಿದ್ದ ಚುಕ್ಕೆ ಈಗ ಒಂದು ದೊಡ್ಡ ಮನೆತನ. ಬರಿಗಣ್ಣಿಗೆ ಒಂದೇ ಥರ ಕಾಣುವ ಅದರ ಉಳಿದ ಸದಸ್ಯರನ್ನು ಸಂಶೋಧಕರು ಈಗ ಒಬ್ಬೊಬ್ಬರನ್ನಾಗಿ ಗುರುತು ಹಿಡಿಯುತ್ತಿದ್ದಾರೆ.