ಭಟ್ಟಿ ಮುಂದೆ ಎರಡು ನೌಕರಿ

2018ರ ಡಿಸೆಂಬರ್. ಚಿಕ್ಕಪ್ಪನ ಮಗಳು ಎಂಬಿಎ ಮುಗಿಸಿ, ಎರಡು ನೌಕರಿಗಳ ಕರೆ ಇಟ್ಟುಕೊಂಡು ದಾವಣಗೆರೆಗೆ ಬಂದಿದ್ದಳು. ಒಂದು ಬೆಂಗಳೂರಿನ ಎಳೆ ಸ್ಟಾರ್ಟಪ್ಪಿನದು. ಇನ್ನೊಂದು ಅಂಥ ಸ್ಟಾರ್ಟಪ್ಪುಗಳಿಗೆ ಬಂಡವಾಳ ಹಾಕುವ ವೆಂಚರ್ ಕ್ಯಾಪಿಟಲ್ ಸಂಸ್ಥೆಯದು. ಸಂಬಳ ಎರಡನೆಯದರಲ್ಲೇ ಜಾಸ್ತಿ. ಮನೆಯವರು ತಲೆಗೊಂದು ಮಾತು ಹೇಳಿ ಅವಳ ನಿದ್ದೆ ಕೆಡಿಸಿದ್ದರು. ಹರಿಹರದಿಂದ ಬಂದಿದ್ದ ದೊಡ್ಡಪ್ಪ ಬೆಳಗಿನ ಜಾವ ನಮ್ಮಿಬ್ಬರನ್ನೂ ಎಬ್ಬಿಸಿ ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋದರು.

ಹೊಟ್ಟಿನ ಉರಿ ಮುಖಕ್ಕೆ ರಾಚುತ್ತಿತ್ತು. ಉಪ್ಪು ಹಿಡಿದ ಅಕ್ಕಿ ಕಾದ ಮರಳಿಗೆ ಬಿದ್ದದ್ದೇ ತಡ, ಅರಳಿ ಮೇಲೇಳುತ್ತಿತ್ತು. ಭಟ್ಟಿಯ ಚಾಚಾ ದೊಡ್ಡಪ್ಪನ ಹಳೇ ಗೆಳೆಯರು. ಗೋಣಿಚೀಲ ಹಾಸಿ ಕೂರಿಸಿ ಚಹಾ ತರಿಸಿದರು.

“ರೊಕ್ಕ ಹಾಕೋರು ಅಂದ್ರ ಯಾರ ರೊಕ್ಕ ಹಾಕ್ತಾರವ್ವ?” ದೊಡ್ಡಪ್ಪ ಕೇಳಿದರು.

“ಬೇರೆಯವರದು ದೊಡ್ಡಪ್ಪ. ದೊಡ್ಡ ದೊಡ್ಡವರಿಂದ ಕೂಡಿಸ್ತಾರೆ, ಹತ್ತು ವರ್ಷದ ಲೆಕ್ಕಕ್ಕೆ. ವರ್ಷಕ್ಕೆ ಸುಮಾರು ನೂರಕ್ಕೆ ಎರಡು ರೂಪಾಯಿ ಖರ್ಚಿಗೆ ಹಿಡೀತಾರೆ. ಲಾಭ ಬಂದ್ರೆ ಅದರಲ್ಲಿ ನೂರಕ್ಕೆ ಇಪ್ಪತ್ತು ಇವರದು.”

“ನಷ್ಟ ಆದ್ರ?”

“ಆ ಎರಡು ರೂಪಾಯಿಯಂತೂ ಬಂದೇ ಬರುತ್ತೆ.”

ಚಾಚಾ ಜೋರಾಗಿ ನಕ್ಕರು.

ಆ ವರ್ಷ ಎಲ್ಲರ ಬಾಯಲ್ಲೂ ಫ್ಲಿಪ್‌ಕಾರ್ಟ್ ಮಾತು. 2009ರಲ್ಲಿ ಆಕ್ಸೆಲ್ ಎಂಬ ವೆಂಚರ್ ಸಂಸ್ಥೆ ಅದಕ್ಕೆ 10 ಲಕ್ಷ ಡಾಲರ್ ಹಾಕಿತ್ತು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಸುರಿದು ಶೇ 77ರಷ್ಟು ಪಾಲು ಹಿಡಿಯಿತು. ತಂಗಿ ಅದನ್ನು ಹೇಳಿದಾಗ ದೊಡ್ಡಪ್ಪನಿಗೆ ಅಂಥಾ ಬೆರಗೇನೂ ಆಗಲಿಲ್ಲ. ಅವರು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಹಿಡಿದವರು, 1941ರಲ್ಲಿ ಶುರುವಾದ ಕಾರ್ಖಾನೆ ಅದು. ಅವರ ಬಳಿ ಬೇರೆಯೇ ಕಥೆಯಿತ್ತು.

ಬೆಳಗಾವಿ ಸೀಮೆಯ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟವರು. ಮುಂದೆ ಕಬ್ಬಿಣದ ನೇಗಿಲು ಮಾಡಿದರೆ, ಕಬ್ಬಿಣ ತಾಗಿದರೆ ನೆಲ ಕೆಡುತ್ತದೆ ಎಂದು ರೈತರು ಮುಟ್ಟಲಿಲ್ಲ. ಬೆಳಗಾವಿಯಲ್ಲಿದ್ದ ಜಾಗವೂ ಹೋಯಿತು. ಆಗ ಔಂಧ ಸಂಸ್ಥಾನದ ಅರಸರು ನೆಲ ಕೊಟ್ಟು, 10,000 ರೂಪಾಯಿ ಬಡ್ಡಿಯಿಲ್ಲದೆ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. “ಅರಸರು ರೊಕ್ಕ ಕೊಟ್ರು, ಖರೇ. ಆದ್ರ ನೇಗಿಲು ಯಾಕ ಹೋಗವಲ್ದು ಅಂತ ರೈತರ ಮನೀಗೆ ತಿರುಗಿದ್ದು ಯಾರು?” ಎಂದರು ದೊಡ್ಡಪ್ಪ. ಅವರ ವಾದದಲ್ಲಿ ಅರಸರಿಗೆ ಸ್ವಲ್ಪ ಅನ್ಯಾಯವಾಯಿತು ಅಂತ ನನಗೆ ಈಗಲೂ ಅನಿಸುತ್ತದೆ. ಯಾರೂ ನಂಬದಿದ್ದಾಗ ನಂಬುವುದು ಸಣ್ಣ ಕೆಲಸವಲ್ಲ.

ಚಾಚಾ ಮಾತ್ರ ತಮ್ಮ ಕಸುಬು ಬಿಟ್ಟು ಆಚೆ ಹೋಗಲಿಲ್ಲ. “ನನಗ ಭತ್ತ ಉದ್ರಿ ಕೊಡೋ ಸಾವ್ಕಾರ ಹತ್ತು ಭಟ್ಟಿ ನೋಡ್ಯಾನ ಬೇಟಿ. ಯಾರು ಮುಳುಗ್ತಾರ, ಯಾರು ತೇಲ್ತಾರ, ಮುಖ ನೋಡೇ ಹೇಳ್ತಾನ. ಮರಳು ಎಷ್ಟು ಕಾಯ್ಬೇಕು ಅಂತ ಕೇಳು, ಗೊತ್ತಿಲ್ಲ.”

ತಂಗಿ ಸ್ಟಾರ್ಟಪ್ಪಿಗೇ ಸೇರಿದಳು. ಸಂಬಳದ ಜೊತೆ ಕೊಡುತ್ತೇವೆಂದ ಷೇರು ಪೂರಾ ಕೈಗೆ ಬರಲು ನಾಲ್ಕು ವರ್ಷ ಬೇಕಿತ್ತು. ಕಂಪನಿ ಅಷ್ಟು ದಿನ ಉಳಿಯಲಿಲ್ಲ. ಮಾಲು ಇಳಿಸುವುದು, ಬೈಯುವ ಗಿರಾಕಿಗೆ ಉತ್ತರ ಕೊಡುವುದು, ತಿಂಗಳ ಕೊನೆಗೆ ಸಂಬಳಕ್ಕೆ ಹಣ ಹೊಂದಿಸುವುದು, ಎಲ್ಲ ಕಲಿತಿದ್ದಳು. ಆ ಕಲಿಕೆ ನೋಡಿಯೇ ಮುಂದೆ ಇನ್ನೊಂದು ವೆಂಚರ್ ಸಂಸ್ಥೆ ಅವಳನ್ನು ಕರೆಯಿತು. ಮೊದಲೇ ಹೋಗಿದ್ದರೆ ಚೆನ್ನಾಗಿತ್ತೇನೋ ಎಂದು ಚಿಕ್ಕಪ್ಪ ಈಗಲೂ ಗೊಣಗುತ್ತಾರೆ. ಅದೂ ಸುಳ್ಳೆನ್ನಲಾರೆ, ಕಂಪನಿ ಮುಚ್ಚಿದ ಮೇಲಿನ ತಿಂಗಳುಗಳನ್ನು ನೂಕಿದ್ದು ಚಿಕ್ಕಪ್ಪನ ದುಡ್ಡಿನಲ್ಲೇ.

ಹೋದ ಸಲ ತಂಗಿ ಹರಿಹರದ ಜಾತ್ರೆಗೆ ಬಂದಾಗ ದೊಡ್ಡಪ್ಪ ಕೇಳಿದರು: “ನೂರು ಮಂದಿ ರೊಕ್ಕ ಕೇಳಾಕ ಬಂದ್ರ ಎಷ್ಟು ಮಂದೀಗೆ ಕೊಡ್ತೀಯವ್ವ?”

“ಒಬ್ಬರಿಗೆ ಕೊಟ್ರೆ ಹೆಚ್ಚು.”

“ಉಳಿದೋರಿಗೆ ಯಾಕ ಇಲ್ಲಂತ ಹೇಳ್ತೀಯೋ, ಸುಮ್ಮನ ಕಳಿಸ್ತೀಯೋ?”

“ಮಾಲು ಮಾರಿ ನೋಡಿ ಬಂದೋರಿಗೆ ಹೇಳ್ತೀನಿ ದೊಡ್ಡಪ್ಪ. ಬರೀ ಕಾಗದ ತಂದೋರಿಗೆ, ಮೊದಲು ಹೋಗಿ ಮಾರಿ ಬಾ ಅಂತೀನಿ.”