ಮಲಪ್ರಭೆಯ ಸೀಮೆಯ ಗಾಲಿಗಳು

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಸವದತ್ತಿಯ ಕಡೆಗೆ ಸಾಗುವ ದಾರಿಗಳೆಲ್ಲ ಗೆಜ್ಜೆಯ ಸದ್ದಿನಿಂದ ತುಂಬುತ್ತವೆ. ಬೈಲಹೊಂಗಲದ ಕಡೆಯಿಂದ, ರಾಮದುರ್ಗದ ಕಡೆಯಿಂದ, ಮಲಪ್ರಭೆಯ ಎರಡೂ ದಂಡೆಯ ಹಳ್ಳಿಗಳಿಂದ ಚಕ್ಕಡಿಗಳು ಯಲ್ಲಮ್ಮನ ಗುಡ್ಡದತ್ತ ಹೊರಡುತ್ತವೆ. ಬಸ್ಸಿನ ಕಿಟಕಿಯಿಂದ ಈ ಸಾಲನ್ನು ನೋಡುವ ಪಟ್ಟಣದ ಪ್ರವಾಸಿಗೆ ಕಾಣುವುದು ಎತ್ತುಗಳ ಜೂಲು, ಕೊಂಬಣಸು, ಹೆಂಗಸರು ಮಕ್ಕಳು ಕುಳಿತ ಕೊಲ್ಲಾರಿಯ ಕಮಾನು. ಹಳ್ಳಿಯ ಹಿರಿಯನ ಕಣ್ಣು ಮಾತ್ರ ಮೊದಲು ಕೆಳಗೆ, ಗಾಲಿಯ ಮೇಲೆ ಬೀಳುತ್ತದೆ. ಎತ್ತಿನ ವಯಸ್ಸನ್ನು ಹಲ್ಲು ನೋಡಿ ತಿಳಿಯುವವನು ಬಂಡಿಯ ಯೋಗ್ಯತೆಯನ್ನು ಗಾಲಿ ನೋಡಿ ತಿಳಿಯುತ್ತಾನೆ.

ಸಾಲಿನಲ್ಲಿ ಎರಡು ಜಾತಿಯ ಗಾಲಿಗಳುಂಟು. ಒಂದು, ಆಳಿನ ಎದೆಯೆತ್ತರದ ಮರದ ಗಾಲಿ. ಅದರ ಅಂಚಿಗೆ ಕಬ್ಬಿಣದ ಹಳಿ. ಇನ್ನೊಂದು, ಮೊಣಕಾಲಿಗಿಂತ ಸ್ವಲ್ಪವೇ ಎತ್ತರವಿರುವ ರಬ್ಬರಿನ ಟಾಯರು. ಮೋಟಾರು ಪಂದ್ಯದ ಹವ್ಯಾಸಿಗಳು ಒಂದೇ ಕಾರಿಗೆ ಬೀದಿಗೊಂದು, ಪಂದ್ಯದ ಕಣಕ್ಕೊಂದು ಎಂದು ಎರಡು ಜೊತೆ ಗಾಲಿಗಳನ್ನು ಇಟ್ಟುಕೊಳ್ಳುತ್ತಾರೆ. ಇದು ಹಣವಂತರ ಚಪಲವೆಂದು ನಗುವವರು ಈ ಸೀಮೆಯ ರೈತನನ್ನು ಕೇಳಿ ನೋಡಬೇಕು. ನೆಲ ಬೇರೆಯಾದರೆ ಗಾಲಿಯೂ ಬೇರೆಯಾಗಬೇಕೆಂಬುದು ಅವನಿಗೆ ಹೊಸ ಮಾತಲ್ಲ.

ನೆಲವಾದರೂ ಎಷ್ಟು ಬಗೆ! ಪಡುವಣ ತುದಿಯ ಕಿತ್ತೂರು ಮಲೆನಾಡಿನ ಸೆರಗು. ಮಳೆ ಹೆಚ್ಚು, ಅಲ್ಲಲ್ಲಿ ಕೆಮ್ಮಣ್ಣು, ಬತ್ತದ ಗದ್ದೆ. 1824ರಲ್ಲಿ ರಾಣಿ ಚನ್ನಮ್ಮ ಕಂಪನಿ ಸರಕಾರದ ದಂಡನ್ನು ಎದುರಿಸಿದ ಆ ಕೋಟೆಯ ಬಳಿಯಲ್ಲಿಯೇ ಇಂದು ಪುಣೆ–ಬೆಂಗಳೂರು ಹೆದ್ದಾರಿ ಹರಿದಿದೆ. ಅಲ್ಲಿಂದ ಮೂಡಣಕ್ಕೆ ಬಂದರೆ, ಅದೇ ರಾಣಿ 1829ರಲ್ಲಿ ಸೆರೆಯಲ್ಲಿ ಕಣ್ಮುಚ್ಚಿದ ಬೈಲಹೊಂಗಲ. ಇದು ಹತ್ತಿಗೆ ಹೆಸರಾದ ಕಪ್ಪು ಎರೆಯ ನಾಡು. ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ ಈ ಮಣ್ಣು ಮಳೆಗಾಲದಲ್ಲಿ ಗಾಲಿಯನ್ನು ಹಿಡಿದರೆ ಬಿಡುವುದಿಲ್ಲ. ಸವದತ್ತಿಯಲ್ಲಿ ಎರೆಯ ನಡುವೆ ಕಲ್ಲುಗುಡ್ಡಗಳು ತಲೆಯೆತ್ತುತ್ತವೆ. ರಾಮದುರ್ಗಕ್ಕೆ ಹೋದರೆ ಮಳೆ ಇನ್ನೂ ಕಡಿಮೆ. ಬೋಳುಗುಡ್ಡ, ಹೊಳೆಯ ಮರಳು, ಸುಡುವ ಬಿಸಿಲು. ಒಂದೇ ದಿನದ ಮೋಟಾರು ಪಯಣದಲ್ಲಿ ನಾಲ್ಕನ್ನೂ ನೋಡಬಹುದು. ಆದರೆ ನಾಲ್ಕಕ್ಕೂ ಒಪ್ಪುವ ಒಂದು ಗಾಲಿಯನ್ನು ಯಾವ ಬಡಿಗನೂ ಮಾಡಲಾರ.

ಮರದ ಗಾಲಿಯ ಹುಟ್ಟು ನೋಡತಕ್ಕದ್ದು. ಅದಕ್ಕೆ ಬಲುಮಟ್ಟಿಗೆ ಬಳಸುವುದು ಜಾಲಿಯ ಮರ. ಗಟ್ಟಿ, ಪೆಟ್ಟಿಗೆ ಸೀಳುವುದಿಲ್ಲ. ನಡುವೆ ಗುಂಭ, ಗುಂಭದಿಂದ ಹೊರಟ ಅರಗಳು, ಅರಗಳ ತುದಿಯನ್ನು ಕೂಡಿಸುವ ಬಾಗುಮರದ ತುಂಡುಗಳು. ಇಲ್ಲಿಗೆ ಬಡಿಗನ ಕೆಲಸ ತೀರಿ ಕಂಬಾರನ ಕೆಲಸ ಮೊದಲಾಗುತ್ತದೆ. ಕಬ್ಬಿಣದ ಹಳಿಯನ್ನು ಅವನು ಬೇಕೆಂದೇ ಗಾಲಿಗಿಂತ ತುಸು ಚಿಕ್ಕದಾಗಿ ಬೆಸೆಯುತ್ತಾನೆ. ನೆಲದ ಮೇಲೆ ಕುಳ್ಳು ಒಟ್ಟಿ, ಬೆಂಕಿಯಿಟ್ಟು, ಹಳಿ ಕೆಂಪಗಾಗುವವರೆಗೆ ಕಾಯಿಸುತ್ತಾರೆ. 5 ಅಡಿ ಅಡ್ಡಳತೆಯ ಗಾಲಿಯ ಹಳಿ ಹಾಗೆ ಕಾದಾಗ ಸುತ್ತಳತೆಯಲ್ಲಿ ಒಂದು ಅಂಗುಲಕ್ಕೂ ಮಿಕ್ಕಿ ಹಿಗ್ಗುತ್ತದೆ. ಆ ಒಂದು ಅಂಗುಲವೇ ವಿದ್ಯೆಯ ಮರ್ಮ. ಇಕ್ಕಳದಿಂದ ಎತ್ತಿ, ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮುನ್ನ ಕೊಡಗಟ್ಟಲೆ ನೀರು ಸುರಿಯಬೇಕು. ಉಗಿಯ ಮೋಡದೊಳಗೆ ಅರಗಳು ಕಿರುಗುಟ್ಟುತ್ತ ತಮ್ಮ ತಮ್ಮ ಗೂಡಿನಲ್ಲಿ ಬಿಗಿಯಾಗಿ ಕೂರುತ್ತವೆ. ಹಳಿ ಒಂದಿಷ್ಟು ದೊಡ್ಡದಾದರೆ ದಾರಿಯಲ್ಲಿ ಕಳಚುತ್ತದೆ. ಅತಿ ಚಿಕ್ಕದಾದರೆ ಗಾಲಿಯನ್ನೇ ಸೊಟ್ಟಗೆ ಮಾಡುತ್ತದೆ.

ಇಷ್ಟಾದರೂ ರಾಮದುರ್ಗದ ಬಿಸಿಲಿಗೆ ಮರ ಒಣಗಿ ಕುಗ್ಗದೆ ಇರದು. ಹಳಿ ಸಡಿಲಾಯಿತೆಂದು ಕಂಡರೆ ಗಾಲಿಯನ್ನು ಹಳ್ಳದ ನೀರಿನಲ್ಲಿ ನೆನೆಯಿಡುತ್ತಾರೆ. ಅಚ್ಚಿಗೆ ಕೀಲೆಣ್ಣೆ ತಪ್ಪಬಾರದು, ಕಡಾಣಿಯ ಮೇಲೆ ಕಣ್ಣು ತಪ್ಪಬಾರದು. ಬದುಕಿರುವ ಪ್ರಾಣಿಯ ಹಾಗೆ ಮರದ ಗಾಲಿಗೂ ಆರೈಕೆ ಬೇಕು.

ಗಾಳಿ ತುಂಬಿದ ರಬ್ಬರಿನ ಗಾಲಿಯದು ಬೇರೆ ವಂಶ. 1845ರಲ್ಲಿ ಥಾಮ್ಸನ್ ಎಂಬಾತ ಅದಕ್ಕೆ ಹಕ್ಕುಪತ್ರ ಪಡೆದು, ಲೋಕ ಅದನ್ನು ಮರೆತು, 1888ರಲ್ಲಿ ಡನ್ಲಪ್ ಎಂಬ ಪಶುವೈದ್ಯ ಮತ್ತೆ ಕಂಡುಹಿಡಿದ. ಬಂಡಿಗೆ ಹಾಕುವ ಟಾಯರು ನಮ್ಮ ದೇಶದಲ್ಲಿ ಬಹುಕಾಲ ಅವನ ಹೆಸರಿನ ಕಂಪನಿಯ ಹೆಸರಿನಿಂದಲೇ ನಡೆಯಿತು. ಡಾಂಬರು ರಸ್ತೆಯ ಮೇಲೆ ಅದಕ್ಕೆ ಎದುರಿಲ್ಲ. ಅದೇ ಜೋಡಿ ಎತ್ತು ಹೆಚ್ಚು ಹೇರನ್ನು ಕಡಿಮೆ ದಣಿವಿನಿಂದ ಎಳೆಯುತ್ತದೆ. ರಸ್ತೆಯೂ ಕೊರೆಯುವುದಿಲ್ಲ, ಕುಳಿತವರ ಸೊಂಟವೂ ಉಳಿಯುತ್ತದೆ. ಬಂಡಿಯ ಹಾಸು ತಗ್ಗಿನಲ್ಲಿರುವುದರಿಂದ ಹತ್ತಿಯ ಅಂಡಿಗೆಯನ್ನಾಗಲಿ ಮುದುಕಿಯನ್ನಾಗಲಿ ಏರಿಸುವುದು ಸುಲಭ.

ಕುಂದುಗಳೂ ಉಂಟು. ಬೈಲಹೊಂಗಲದ ಎರೆಯಲ್ಲಿ ತಲೆಮಾರುಗಳ ಬಂಡಿಗಳು ಕೊರೆದ ಜಾಡುಗಳಿವೆ. ಎತ್ತರದ ಗಾಲಿ ಆ ಜಾಡಿನಲ್ಲಿ ತಾನಾಗಿ ಸಾಗುತ್ತದೆ; ಅದರ ಕಿರಿದಾದ ಅಂಚು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿನೆಲವನ್ನು ಮುಟ್ಟುತ್ತದೆ. ಗಿಡ್ಡ ಟಾಯರಿನ ಅಚ್ಚು ಜಾಡಿನ ನಡುದಿಬ್ಬಕ್ಕೆ ತಾಗಿ ನಿಲ್ಲುತ್ತದೆ. ಮೇಲಾಗಿ ಜಾಲಿಯ ಮುಳ್ಳು! ಮರದ ಗಾಲಿಗೆ ಗುಂಭ ಕೊಟ್ಟ ಮರವೇ ರಬ್ಬರಿನ ಗಾಲಿಗೆ ತೂತು ಕೊಡುತ್ತದೆ. ಕಂಬಾರನಿದ್ದ ಹಳ್ಳಿಗಳಲ್ಲೆಲ್ಲ ಪಂಕ್ಚರಿನ ಅಂಗಡಿ ಇರುವುದಿಲ್ಲ.

ಆದರೆ ನಿಜವಾದ ಅಪಾಯ ಇಳಿಜಾರಿನಲ್ಲಿದೆ. ಸುಲಭವಾಗಿ ಉರುಳುವ ಗಾಲಿ ಇಳಿಯುವಾಗಲೂ ಸುಲಭವಾಗಿಯೇ ಉರುಳುತ್ತದೆ. ಯಲ್ಲಮ್ಮನ ಗುಡ್ಡದಿಂದ ಜನ ತುಂಬಿ ಮರಳುವ ಟಾಯರಿನ ಚಕ್ಕಡಿ ಹಿಂದಿನಿಂದ ನೂಕಿದರೆ ಆ ಭಾರವನ್ನೆಲ್ಲ ತಡೆಯುವುದು ಎತ್ತುಗಳ ಹೆಗಲು. ತಡೆಯಿಲ್ಲದ ಬಂಡಿಗೆ ಟಾಯರು ಹಾಕುವವನು ತನ್ನ ಎತ್ತಿನ ಕುತ್ತಿಗೆಯನ್ನು ಒತ್ತೆಯಿಟ್ಟಂತೆಯೇ ಸರಿ. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ವಾದಿಸಿದರು. ದೊಡ್ಡ ಹುದ್ದೆಯವರಿಗೆ ಇದೊಂದು ವಿಷಯವೇ ಎಂದು ಹುಬ್ಬೇರಿಸುವವರು ಎತ್ತಿನ ಹೆಗಲ ಬಾವನ್ನು ಹತ್ತಿರದಿಂದ ನೋಡಿದವರಲ್ಲ.

ಇನ್ನು ಕಣದ ಮಾತು. ಬೆಳಗಾವಿ, ಧಾರವಾಡದ ಸೀಮೆಯಲ್ಲಿ ಜಾತ್ರೆಗಳ ಸಮಯಕ್ಕೆ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನಡೆಯುವುದುಂಟು. ಹೇರಿಲ್ಲದ ಬಂಡಿಗೆ ಜೋಡಿ ಎತ್ತು ಕಟ್ಟಿ ಒಂದು ನಿಮಿಷದಲ್ಲಿ ಎಷ್ಟು ಅಡಿ ಓಡಿತೆಂದು ಅಳೆಯುತ್ತಾರೆ. ಇಲ್ಲಿ ಗೆಲ್ಲುವುದು ಮೊದಲ ನೆಗೆತ. ಗಾಲಿಯ ಅಂಚಿನಲ್ಲಿರುವ ಒಂದು ಕಿಲೋ ತೂಕ, ಬಂಡಿಯನ್ನು ನಿಂತಲ್ಲಿಂದ ಎಬ್ಬಿಸುವಾಗ ಎರಡು ಕಿಲೋ ಇದ್ದಂತೆ; ಏಕೆಂದರೆ ಅದನ್ನು ಮುಂದೆ ಒಯ್ಯಬೇಕು, ಜೊತೆಗೆ ತಿರುಗಿಸಲೂ ಬೇಕು. ಪಂದ್ಯದ ಕಾರಿಗೆ ಹಗುರ ಲೋಹದ ಗಾಲಿ ಹುಡುಕುವವನ ಲೆಕ್ಕವೂ ಇದೇ. ಎತ್ತಿನ ಆಯ್ಕೆಯೂ ಹಾಗೆಯೇ ಬದಲಾಗುತ್ತದೆ. ಎರೆಯ ಆಳದ ಉಳುಮೆಗೆ ಮೈತುಂಬಿದ, ನಿಧಾನದ ಕೃಷ್ಣಾ ಕಣಿವೆಯ ತಳಿ. ಓಟಕ್ಕೆ ಚುರುಕಿನ ಖಿಲಾರಿ.

ಈ ಓಟ ನಿಂತೇ ಹೋಗುವ ಕಾಲವೂ ಬಂದಿತ್ತು. 2014ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟನ್ನೂ ಬಂಡಿಯ ಓಟವನ್ನೂ ನಿಷೇಧಿಸಿತು. ಕರ್ನಾಟಕದ ತಿದ್ದುಪಡಿ ಕಾನೂನಿಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು, 2023ರ ಮೇ 18ರಂದು ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪ್ರಾಣಿಗೆ ಅನಗತ್ಯ ನೋವಾಗಬಾರದೆಂಬ ಷರತ್ತು ಕಾನೂನಿನಲ್ಲಿದೆ. ಷರತ್ತು ಕಾಗದದ ಮೇಲಿದೆಯೋ ಕಣದಲ್ಲಿದೆಯೋ ಎಂಬುದನ್ನು ಬಾರುಕೋಲು ಹಿಡಿದ ಕೈಯೇ ಹೇಳಬೇಕು.

ಹೇರಿನ ಕೆಲಸವನ್ನು ಟ್ರ್ಯಾಕ್ಟರು ಬಹುಮಟ್ಟಿಗೆ ಕಸಿದುಕೊಂಡಿದೆ. ಗುಡ್ಡಕ್ಕೂ ಈಗ ಟ್ರ್ಯಾಕ್ಟರಿನಲ್ಲಿ ಬರುವವರು ಸಾಕಷ್ಟು. ಹಳಿ ಏರಿಸಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಆದರೂ ಯಲ್ಲಮ್ಮನಿಗೆ ಹರಕೆ ಹೊತ್ತ ಮನೆಗಳಲ್ಲಿ ವರ್ಷವೆಲ್ಲ ದನದ ಕೊಟ್ಟಿಗೆಯ ಗೋಡೆಗೆ ಒರಗಿದ್ದ ಮರದ ಗಾಲಿಗಳು ಬನದ ಹುಣ್ಣಿಮೆ ಕಳೆಯುತ್ತಲೇ ಹೊರಕ್ಕೆ ಬರುತ್ತವೆ. ಅರಗಳಿಗೆ ಬಣ್ಣ, ಅಚ್ಚಿಗೆ ಕೀಲೆಣ್ಣೆ. ಜೋಗುಳಬಾವಿಯ ಬಯಲಿನಲ್ಲಿ ಕೊಳ್ಳು ಹರಿದೊಡನೆ ಹೆಂಗಸರು ಒಲೆ ಹೂಡಿ ಹೋಳಿಗೆ, ಕಡಬಿನ ನೈವೇದ್ಯಕ್ಕೆ ತೊಡಗುತ್ತಾರೆ. ಗಂಡಸರು ಎತ್ತುಗಳಿಗೆ ನೀರು ಕುಡಿಸಿ, ಮಿಕ್ಕ ನೀರನ್ನು ಗಾಲಿಗಳಿಗೆ ಸುರಿಯುತ್ತಾರೆ.